ಗುಜರಿಯ ಪಾಲಾಗುತ್ತಿರುವ ಎಂಜಿನುಗಳು

ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ಹಳೆಯ ಯಂತ್ರಗಳ ಶೋಧ

ಹಳೆಯ ಸಾಮಾನಿಗೆ ಕನ್ನಡದಲ್ಲಿ ನಾವು ಗುಜರಿ ಎನ್ನುತ್ತೇವೆ. ಅಹಮದಾಬಾದಿಗೆ ಬಂದು ನೆಲೆಸಿದ ಕನ್ನಡಿಗನಿಗೆ, ಸಾಬರಮತಿಯ ದಂಡೆಯಲ್ಲಿ ಪ್ರತಿ ರವಿವಾರ ನೆರೆಯುವ ಸಂತೆಯ ಹೆಸರೂ ಗುಜರಿಯೇ ಎಂದು ತಿಳಿದಾಗ ಅಚ್ಚರಿಯಾಗದೆ ಇರದು. ಎಲ್ಲಿಸ್ ಸೇತುವೆಯ ಬುಡದಲ್ಲಿ ಬಯಲಿನ ಮೇಲೆ ಹರಡಿಕೊಳ್ಳುತ್ತಿದ್ದ ಈ ಸಂತೆಯನ್ನು, ನದೀತೀರದ ಹೊಸ ಕಟ್ಟಣೆಯಾದ ಮೇಲೆ, ೨೦೧೪ರಲ್ಲಿ, ಅದಕ್ಕೆಂದೇ ಕಟ್ಟಿದ ಅಂಗಳಕ್ಕೆ ಸಾಗಿಸಿದರು. ಇದೇ ಬಗೆಯ ಸಂತೆ ವಡೋದರೆಯಲ್ಲಿ ಶುಕ್ರವಾರ ಸೇರುವುದರಿಂದ ಶುಕ್ರವಾರಿ ಎನಿಸಿಕೊಂಡಿದೆ. ಸೂರತ್ತಿನಲ್ಲಿ ಶನಿವಾರ ಸೇರುವುದರಿಂದ ಶನಿವಾರಿ. ಹಳೆಯ ವಸ್ತುಗಳ ಹುಚ್ಚುಳ್ಳವನು ಒಂದೇ ರೈಲು ದಾರಿಯ ಮೇಲೆ ಮೂರು ದಿನಗಳಲ್ಲಿ ಮೂರು ಸಂತೆಗಳನ್ನು ನೋಡಿ ಬರಬಹುದು.

ಈ ಸಂತೆಗಳಲ್ಲಿ ಹಳೆಯ ಗಡಿಯಾರಕ್ಕೆ ಗಿರಾಕಿಯುಂಟು. ಹಿತ್ತಾಳೆಯ ಬೀಗಕ್ಕೆ, ಗ್ರಾಮಫೋನಿಗೆ, ಪಿಂಗಾಣಿಯ ಬಟ್ಟಲಿಗೆ, ಹರಿದ ಪುಸ್ತಕಕ್ಕೆ ಸಹ ಬೆಲೆ ಬಲ್ಲ ಗಿರಾಕಿಯುಂಟು. ಆದರೆ ಎಂಜಿನೊಂದರ ಅಂಗಾಂಗಗಳು ಗುಜರಿಗೆ ಬಂದು ಬಿದ್ದರೆ ಅವುಗಳ ಗತಿ ತಕ್ಕಡಿ. ಬೀಡುಕಬ್ಬಿಣಕ್ಕೆ ಒಂದು ದರ, ಹಿತ್ತಾಳೆಗೆ ಇನ್ನೊಂದು ದರ. ಹೀಗಾಗಿ ಎಲ್ಲಕ್ಕೂ ಮೊದಲು ಕಳಚಿಹೋಗುವುದು ಎಂಜಿನಿನ ಮೈಮೇಲಿದ್ದ ಹಿತ್ತಾಳೆಯ ಹೆಸರಿನ ತಗಡು. ಅದನ್ನು ಯಾರು ಮಾಡಿದರು, ಯಾವ ಊರಿನಲ್ಲಿ ಮಾಡಿದರು, ಅದು ಎಷ್ಟನೆಯ ಎಂಜಿನು ಎಂಬುದನ್ನೆಲ್ಲ ಹೇಳುವ ಸಾಕ್ಷಿ ಆ ಅಂಗೈಯಗಲದ ತಗಡೇ. ಅದು ಹೋದ ಮೇಲೆ ಉಳಿಯುವುದು ಬರಿಯ ಕಬ್ಬಿಣ. ಎಂಜಿನನ್ನು ನಂಬಿ ಗುಜರಾತಿನಷ್ಟು ಬಾಳಿ ಬೆಳೆದ ಪ್ರಾಂತಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ. ಆ ಎಂಜಿನುಗಳ ಜಾತಕವನ್ನು ಇಷ್ಟು ನಿಶ್ಚಿಂತೆಯಿಂದ ಕರಗಿಸಿಬಿಟ್ಟ ಪ್ರಾಂತಗಳೂ ಹೆಚ್ಚಿರಲಾರವು.

ಎಂಜಿನು ಎಂದೊಡನೆ ರೈಲಿನ ಎಂಜಿನು ನೆನಪಿಗೆ ಬರುವುದು ಸಹಜ. ಇಲ್ಲಿ ಹೇಳುತ್ತಿರುವುದು ನಿಂತಲ್ಲಿಯೇ ನಿಂತು ದುಡಿಯುವ ಎಂಜಿನುಗಳ ಮಾತು. ಗದಗ, ದಾವಣಗೆರೆಗಳ ಹತ್ತಿಯ ಜಿನ್ನುಗಳಲ್ಲಿ, ಕರಾವಳಿಯ ಅಕ್ಕಿ ಗಿರಣಿಗಳಲ್ಲಿ, ಮಂಗಳೂರಿನ ಹಂಚಿನ ಕಾರಖಾನೆಗಳಲ್ಲಿ, ತೋಟದ ಬಾವಿಯ ಕಟ್ಟೆಯ ಮೇಲೆ ಇವು ಇದ್ದುವು. ಪಟ್ಟಾ ಸುತ್ತಿಕೊಂಡ ದೊಡ್ಡ ಚಕ್ರ, ಮಾಡಿನ ಮೇಲಕ್ಕೆ ಚಾಚಿದ ಹೊಗೆಕೊಳವಿ, ಊರ ಹೊರಗಿನಿಂದಲೇ ಕೇಳಿಬರುವ ಟಕ್ ಟಕ್ ಸದ್ದು. ಐವತ್ತು ದಾಟಿದ ವಾಚಕರಲ್ಲಿ ಅನೇಕರಿಗೆ ಊರೆಂದರೆ ನೆನಪಾಗುವ ಶಬ್ದಗಳಲ್ಲಿ ಅದೂ ಒಂದಾಗಿರಬಹುದು. ರೈಲಿನ ಎಂಜಿನಿಗೆ ಜನರ ಪ್ರೀತಿ ಇದ್ದುದರಿಂದ ಅದಕ್ಕೆ ವಡೋದರೆಯ ಪ್ರತಾಪನಗರದಲ್ಲಿ ನೆರಳು ಸಿಕ್ಕಿದೆ. ಸಿರಿವಂತರ ಮೋಟಾರುಗಳಿಗೆ ಅಹಮದಾಬಾದಿನ ಹೊರವಲಯದ ಕಠವಾಡದಲ್ಲಿ ಪ್ರಾಣಲಾಲ ಭೋಗೀಲಾಲರು ಕೂಡಿಸಿದ ದೊಡ್ಡ ಸಂಗ್ರಹವಿದೆ. ನಿಂತಲ್ಲಿಯೇ ದುಡಿದು ಸವೆದ ಎಂಜಿನಿಗೆ ಆ ಭಾಗ್ಯವಿಲ್ಲ.

ಮೊದಲ ಗಿರಣಿಯ ಉಗಿಯಂತ್ರ

ಅಹಮದಾಬಾದಿನ ಎಂಜಿನುಗಳ ಕಥೆ ರಣಛೋಡಲಾಲ ಛೋಟಾಲಾಲರಿಂದ ಆರಂಭವಾಗುತ್ತದೆ. ೧೮೨೩ರಲ್ಲಿ ಹುಟ್ಟಿದ ಈ ನಾಗರ ಬ್ರಾಹ್ಮಣರು ಸರಕಾರದ ಚಾಕರಿಯಲ್ಲಿದ್ದವರು, ವ್ಯಾಪಾರದ ಮನೆತನದವರಲ್ಲ. ನೂಲಿನ ಗಿರಣಿಯನ್ನು ಕಟ್ಟಬೇಕೆಂಬ ಹಂಬಲ ಅವರನ್ನು ಹಿಡಿದಾಗ ನಗರದ ಸಾಹುಕಾರರು ಬಹುಕಾಲ ಕಿವಿಗೊಡಲಿಲ್ಲ. ಕಡೆಗೆ ಕಂಪನಿ ಸ್ಥಾಪನೆಯಾಗಿ, ಇಂಗ್ಲೆಂಡಿನಲ್ಲಿದ್ದ ದಾದಾಭಾಯಿ ನವರೋಜಿಯವರ ಮುಖಾಂತರ ಯಂತ್ರಗಳಿಗೆ ಬೇಡಿಕೆ ಹೋಯಿತು. ಮೊದಲ ಸಲ ಕಳುಹಿಸಿದ ಯಂತ್ರಗಳು ಸಮುದ್ರದಲ್ಲಿಯೇ ನಷ್ಟವಾದವು. ಎರಡನೆಯ ಸಲ ಬಂದವು ಖಂಭಾತದ ಬಂದರಿನಲ್ಲಿ ಇಳಿದು, ಅಲ್ಲಿಂದ ಎತ್ತಿನ ಬಂಡಿಗಳಲ್ಲಿ ಅಹಮದಾಬಾದನ್ನು ಸೇರಿದವು. ರೈಲು ಆಗ ಈ ನಗರಕ್ಕೆ ಬಂದಿರಲೇ ಇಲ್ಲ. ಅಂಕಲೇಶ್ವರದಿಂದ ಸೂರತ್ತಿನ ಕಡೆಗೆ ೧೮೬೦ರಲ್ಲಿ ಓಡಲಾರಂಭಿಸಿದ ಗಾಡಿ ಅಹಮದಾಬಾದನ್ನು ಮುಟ್ಟಿದುದು ಕೆಲವು ವರ್ಷಗಳ ತರುವಾಯ. ಬಾಯ್ಲರು, ಸಿಲಿಂಡರು, ಮಣಗಟ್ಟಲೆ ತೂಕದ ಚಕ್ರ, ಇವನ್ನೆಲ್ಲ ಎಳೆದು ತಂದ ಎತ್ತುಗಳೂ ಬಂಡಿಕಾರರೂ ಈ ದೇಶದ ಔದ್ಯೋಗಿಕ ಚರಿತ್ರೆಯಲ್ಲಿ ಒಂದು ಸಾಲಿಗಾದರೂ ಅರ್ಹರು.

೧೮೬೧ರ ಮೇ ೩೦ರಂದು ಶಾಹಪುರದ ಆ ಗಿರಣಿ ಆರಂಭವಾಯಿತು. ಕದಿರುಗಳು ೨೫೦೦, ಕೆಲಸಗಾರರು ೬೫, ಎಂಜಿನಿನ ಬಲ ೬೩ ಅಶ್ವಶಕ್ತಿ. ಇಂದಿನ ಒಂದು ಸಣ್ಣ ಮೋಟಾರುಗಾಡಿಯ ಬಲವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಆ ೬೩ ಅಶ್ವಶಕ್ತಿಯ ಹಿಂದೆಯೇ ನಗರಕ್ಕೆ ನಗರವೇ ನಡೆಯಿತು. ಕಲ್ಲಿದ್ದಲಿಲ್ಲದ, ಜಲಪಾತವಿಲ್ಲದ ಊರು ದೂರದ ಗಣಿಗಳಿಂದ ಇದ್ದಲು ತರಿಸಿ ಉರಿಸಿ ಭಾರತದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. ರಣಛೋಡಲಾಲರು ಮುಂದೆ ನಗರಸಭೆಯ ಅಧ್ಯಕ್ಷರಾಗಿ, ೧೮೯೦ರ ದಶಕದ ಆರಂಭದಲ್ಲಿ ದೂಧೇಶ್ವರದ ನೀರಿನ ಕಾರ್ಯಾಗಾರದಿಂದ ಮನೆಮನೆಗೆ ಕೊಳಾಯಿಯ ನೀರು ಬರುವಂತೆ ಮಾಡಿದುದಕ್ಕೂ ಆಧಾರ ಉಗಿಯೇ.

ಗಿರಣಿಯ ಎಂಜಿನು ನಮ್ಮ ಇಂದಿನ ಮೋಟಾರಿನಂತೆ ಒಂದೊಂದು ಮಗ್ಗಕ್ಕೆ ಒಂದೊಂದಲ್ಲ. ಗಿರಣಿಗೆಲ್ಲ ಒಂದೇ ಎಂಜಿನು, ಅದಕ್ಕೆ ಗರ್ಭಗುಡಿಯಂತಹ ಒಂದು ಪ್ರತ್ಯೇಕ ಕೋಣೆ. ಎಂಜಿನಿನ ಮಹಾಚಕ್ರದ ಅಂಚಿನಲ್ಲಿ ಸಾಲುಸಾಲಾಗಿ ಕೊರೆದ ತೋಡುಗಳು. ಪ್ರತಿ ತೋಡಿನಲ್ಲಿ ತೋಳುದಪ್ಪದ ಹಗ್ಗ. ಆ ಹಗ್ಗಗಳು ಒಂದೊಂದು ಅಂತಸ್ತಿನ ಉದ್ದನೆಯ ಶಾಫ್ಟನ್ನು ತಿರುಗಿಸುವುವು. ಶಾಫ್ಟಿನಿಂದ ಇಳಿದ ಚರ್ಮದ ಪಟ್ಟಾಗಳು ಯಂತ್ರಗಳನ್ನು ತಿರುಗಿಸುವುವು. ಎಂಜಿನು ನಿಂತರೆ ಸಾವಿರ ಜನರ ಕೈ ನಿಲ್ಲುವುದು. ಆದುದರಿಂದಲೇ ಎಂಜಿನು ಮೇಸ್ತ್ರಿಗೆ ಗಿರಣಿಯಲ್ಲಿ ವಿಶೇಷ ಮಾನ. ಎಂಜಿನಿನ ಕೋಣೆಯನ್ನು ತೊಳೆದು ಒರೆಸಿ ಇಡುವುದರಲ್ಲಿ ವಿಶೇಷ ನಿಷ್ಠೆ. ದಸರೆಯ ದಿನ ಅದಕ್ಕೆ ಚೆಂಡುಹೂವಿನ ಮಾಲೆ.

ಈ ಮಹಾಯಂತ್ರಗಳನ್ನು ಕೆಳಗಿಳಿಸಿದುದು ವಿದ್ಯುತ್ತು. ನಮ್ಮ ನಾಡಿನಲ್ಲಿ ೧೯೦೨ರ ಜೂನಿನಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ಮುಟ್ಟಿ ಉಗಿಯಂತ್ರಗಳಿಗೆ ವಿರಾಮ ಕೊಟ್ಟಂತೆ, ಇಲ್ಲಿ ೧೯೧೩ರಲ್ಲಿ ಸ್ಥಾಪನೆಯಾದ ಅಹಮದಾಬಾದು ವಿದ್ಯುತ್ ಕಂಪನಿಯೂ ೧೯೨೦ರ ಸೂರತ್ತಿನ ವಿದ್ಯುತ್ ಕಂಪನಿಯೂ ಮೆಲ್ಲಮೆಲ್ಲನೆ ಅದೇ ಕೆಲಸವನ್ನು ಮಾಡಿದವು. ಹಗ್ಗಗಳು ಇಳಿದವು, ಪ್ರತಿ ಯಂತ್ರಕ್ಕೂ ಬೇರೆಬೇರೆ ಮೋಟಾರು ಬಂದಿತು. ಉಳಿದಿದ್ದುದನ್ನು ೧೯೮೦ರ ಮತ್ತು ೧೯೯೦ರ ದಶಕಗಳು ಮುಗಿಸಿದವು. ಗಿರಣಿಯ ಮೇಲೆ ಗಿರಣಿ ಮುಚ್ಚಿ, ಯಂತ್ರಗಳು ತೂಕಕ್ಕೂ ನೆಲ ಗಜಕ್ಕೂ ಮಾರಾಟವಾದವು. ಹೊಗೆಯಿಲ್ಲದ ಕೆಲವು ಚಿಮಣಿಗಳು ಮಾತ್ರ ಹೊಸ ಮಳಿಗೆಗಳ ನಡುವೆ ಇಂದಿಗೂ ನಿಂತಿವೆ.

ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿಯೂ ಇದೇ ನಡೆದಿತ್ತು. ಅಲ್ಲಿ ಗಿರಣಿಗಳು ಮುಚ್ಚತೊಡಗಿದಾಗ ಕೆಲವು ಹವ್ಯಾಸಿಗಳು ೧೯೬೬ರಲ್ಲಿ ಗಿರಣಿ ಎಂಜಿನುಗಳ ರಕ್ಷಣೆಗೆಂದೇ ಒಂದು ಸಂಘವನ್ನು ಕಟ್ಟಿ, ಒಡೆಯಲಿದ್ದ ಎಂಜಿನುಗಳನ್ನು ತುಂಡುತುಂಡಾಗಿ ಬಿಚ್ಚಿ ತಂದು, ಬೋಲ್ಟನ್ ನಗರದ ಒಂದು ಹಳೆಯ ಹತ್ತಿಯ ಉಗ್ರಾಣದಲ್ಲಿ ಮರಳಿ ಜೋಡಿಸಿದರು. ಇಂದಿಗೂ ಅವು ವರ್ಷದ ಕೆಲವು ದಿನ ಉಗಿಯಿಂದ ತಿರುಗುತ್ತವೆ. ಅಹಮದಾಬಾದಿನವರು ಹಾಗೇಕೆ ಮಾಡಲಿಲ್ಲವೆಂದು ಕೇಳುವುದು ಸುಲಭ. ಆದರೆ ಗಿರಣಿಯ ಬಾಗಿಲಿಗೆ ಬೀಗ ಬಿದ್ದು ಅನ್ನ ಕಳೆದುಕೊಂಡ ಸಹಸ್ರಾರು ಸಂಸಾರಗಳ ಮುಂದೆ ನಿಂತು ಎಂಜಿನಿನ ಚರಿತ್ರೆಯನ್ನು ಕುರಿತು ಮರುಗುವುದು ಆ ದಿನಗಳಲ್ಲಿ ಯಾರಿಗೂ ಶೋಭಿಸುತ್ತಿರಲಿಲ್ಲ. ಬಾಕಿ ಪಗಾರದ ಲೆಕ್ಕದಲ್ಲಿ ಹಳೆಯ ಕಬ್ಬಿಣದ ಬೆಲೆಯೂ ಸೇರಿತ್ತು.

ಎಣ್ಣೆಯ ಎಂಜಿನಿನ ಕಾಲ

ಸಂಗ್ರಾಹಕನಿಗೆ ಇಂದು ಗುಜರಾತಿನಲ್ಲಿ ದೊರಕಬಹುದಾದುದು ಮುಖ್ಯವಾಗಿ ಎಣ್ಣೆಯ ಎಂಜಿನುಗಳು. ಉಗಿಯಂತ್ರಕ್ಕೆ ಬಾಯ್ಲರು ಬೇಕು, ಇದ್ದಲು ಬೇಕು, ಪರವಾನಗಿ ಪಡೆದ ಬಾಯ್ಲರು ನೋಡುವವನು ಬೇಕು. ಒಂದು ಜಿನ್ನಿಗೆ, ಒಂದು ಹಿಟ್ಟಿನ ಗಿರಣಿಗೆ, ಒಂದು ಬಾವಿಗೆ ಅಷ್ಟೊಂದು ಸಂಭ್ರಮ ಸಲ್ಲದು. ಈ ಕೊರತೆಯನ್ನು ತುಂಬಿದವರಲ್ಲಿ ಹರ್ಬರ್ಟ್ ಆಕ್ರಾಯ್ಡ್ ಸ್ಟೂಅರ್ಟ್ ಎಂಬ ಆಂಗ್ಲ ಶೋಧಕ ಮುಖ್ಯನು. ಆತನ ೧೮೯೦ರ ಪೇಟೆಂಟನ್ನು ಆಧರಿಸಿ ಗ್ರಾಂಥಮ್ ಊರಿನ ಹಾರ್ನ್ಸ್‌ಬಿ ಕಂಪನಿಯವರು ೧೮೯೨ರಿಂದ ಎಂಜಿನುಗಳನ್ನು ಮಾರಲಾರಂಭಿಸಿದರು. ಡೀಸೆಲ್ ಮಹಾಶಯನ ಎಂಜಿನು ಯಶಸ್ವಿಯಾಗಿ ಓಡಿದುದು ೧೮೯೭ರಲ್ಲಿ, ಎಂದರೆ ಅದಕ್ಕೂ ತರುವಾಯ.

ಇದರ ಗುಟ್ಟು ಸರಳವಾದುದು. ಸಿಲಿಂಡರಿನ ಹಿಂದೆ ಬೀಡುಕಬ್ಬಿಣದ ಒಂದು ಬುರುಡೆ. ಎಂಜಿನನ್ನು ಚಾಲೂ ಮಾಡುವ ಮುನ್ನ ಆ ಬುರುಡೆಯನ್ನು ಊದುವ ದೀಪದಿಂದ ಕೆಲವು ನಿಮಿಷ ಕಾಯಿಸಬೇಕು. ಬಳಿಕ ಚಕ್ರವನ್ನು ಕೈಯಿಂದ ತಿರುಗಿಸಿದರೆ ಎಣ್ಣೆ ಬಿಸಿ ಬುರುಡೆಯೊಳಗೆ ಆವಿಯಾಗಿ ಹೊತ್ತಿಕೊಳ್ಳುವುದು. ಒಮ್ಮೆ ಹೊತ್ತಿದ ಮೇಲೆ ದೀಪ ಬೇಡ. ಆ ಸಿಡಿತದ ಕಾವೇ ಬುರುಡೆಯನ್ನು ಬಿಸಿಯಾಗಿ ಇಡುವುದು. ಕಿಡಿಯಿಲ್ಲ, ತಂತಿಯಿಲ್ಲ. ಓದು ಬರದ ರೈತನೂ ಹಳ್ಳಿಯ ಕಮ್ಮಾರನೂ ಇದನ್ನು ಸಂಭಾಳಿಸಬಹುದಾಗಿತ್ತು. ಇದರೊಂದಿಗೆ ಮ್ಯಾಂಚೆಸ್ಟರಿನ ಕ್ರಾಸ್ಲಿ, ಬರ್ಮಿಂಗ್ಹ್ಯಾಮಿನ ಟ್ಯಾಂಜಿ, ಸ್ಟ್ಯಾಮ್‌ಫರ್ಡಿನ ಬ್ಲ್ಯಾಕ್‌ಸ್ಟೋನ್, ಯೋವಿಲ್ಲಿನ ಪೆಟರ್ ಮೊದಲಾದವರ ಎಂಜಿನುಗಳೂ ಬಳಕೆಗೆ ಬಂದವು.

ಇಂತಹ ಒಂದು ಎಣ್ಣೆಯ ಎಂಜಿನು ಗುಜರಾತದ ಮಹಾಪುರುಷರೊಬ್ಬರ ಜೀವನದಲ್ಲಿ ಚೆನ್ನಾಗಿ ಕೈಕೊಟ್ಟುದನ್ನು ವಾಚಕರಲ್ಲಿ ಕೆಲವರು ಓದಿರಬಹುದು. ೧೯೦೪ರ ಕೊನೆಯಲ್ಲಿ ಗಾಂಧೀಜಿಯವರು ದಕ್ಷಿಣ ಆಫ್ರಿಕದ ಫೀನಿಕ್ಸ್ ಆಶ್ರಮಕ್ಕೆ 'ಇಂಡಿಯನ್ ಒಪಿನಿಯನ್' ಪತ್ರಿಕೆಯ ಮುದ್ರಣಾಲಯವನ್ನು ಸಾಗಿಸಿದರು. ಕೈಯಿಂದಲೇ ಯಂತ್ರವನ್ನು ತಿರುಗಿಸಬೇಕೆಂಬುದು ಅವರ ಮನಸ್ಸು. ಅದು ಸಾಧ್ಯವಾಗದೆಂದು ಎಣ್ಣೆಯ ಎಂಜಿನನ್ನು ಕೂಡಿಸಿದರು. ಆದರೂ ಎಂಜಿನು ನಿಂತರೆ ಇರಲೆಂದು ಕೈಯಿಂದ ತಿರುಗಿಸುವ ಚಕ್ರವೊಂದನ್ನು ಇಡಿಸಿದ್ದರು. ಮೊದಲ ಸಂಚಿಕೆಯ ರಾತ್ರಿಯೇ ಎಂಜಿನು ಜಪ್ಪಯ್ಯ ಎಂದರೂ ಹೊರಡಲಿಲ್ಲ. ಅದನ್ನು ಕೂಡಿಸಲು ಬಂದಿದ್ದ ಎಂಜಿನಿಯರನೂ ಸಹೋದ್ಯೋಗಿ ವೆಸ್ಟರೂ ಸೋತು ಕೈಚೆಲ್ಲಿದರು. ಚಕ್ರಕ್ಕೆ ಒಂದೇ ಸಲಕ್ಕೆ ನಾಲ್ಕು ಆಳುಗಳು ಬೇಕು. ಅಲ್ಲಿಯೇ ಮಲಗಿದ್ದ ಬಡಗಿಗಳನ್ನು ಎಬ್ಬಿಸಿ, ಗಾಂಧೀಜಿಯವರೂ ಸರದಿಯಲ್ಲಿ ನಿಂತು, ಬೆಳಗಿನವರೆಗೆ ತಿರುಗಿಸಿ ಪತ್ರಿಕೆಯನ್ನು ಹೊರತಂದರು. ಬೆಳಗಾದ ಮೇಲೆ ಎಂಜಿನಿಯರನು ಕೈಹಚ್ಚಿದೊಡನೆ ಎಂಜಿನು ಏನೂ ಆಗಿಲ್ಲವೆಂಬಂತೆ ಓಡಿತು! ಈ ಪ್ರಸಂಗವನ್ನು ಅವರು ತಮ್ಮ ಆತ್ಮಕಥೆಯಲ್ಲಿ ವಿನೋದದಿಂದಲೇ ಬರೆದಿದ್ದಾರೆ. ಹಳೆಯ ಎಂಜಿನುಗಳೊಡನೆ ಒಡನಾಡಿದವರಿಗೆ ಆ ರಾತ್ರಿ ಹೊಸದೇನಲ್ಲ.

ವಡೋದರೆಯೂ ಸೂರತ್ತೂ

ಅಹಮದಾಬಾದು ಎಂಜಿನುಗಳನ್ನು ಕೊಂಡಿತು. ಬಡೋದೆ ಎನಿಸಿದ್ದ ವಡೋದರೆ ಅವುಗಳನ್ನು ಕಲಿಯಿತು. ಸಯಾಜಿರಾವ್ ಗಾಯಕವಾಡರು ೧೮೯೦ರಲ್ಲಿ ಅಲ್ಲಿ ಸ್ಥಾಪಿಸಿದ ಕಲಾಭವನ ದೇಶೀಯ ಭಾಷೆಯಲ್ಲಿ ಶಿಲ್ಪೋದ್ಯೋಗಗಳನ್ನು ಕಲಿಸಿದ ಮೊದಲಿಗ ಸಂಸ್ಥೆಗಳಲ್ಲೊಂದು. ಅದರ ಮೂಲಪುರುಷರಾದ ತ್ರಿಭುವನದಾಸ ಗಜ್ಜರರು ಸೂರತ್ತಿನ ಬಡಗಿ ಮನೆತನದಿಂದ ಬಂದವರು. ಬಣ್ಣಗಾರಿಕೆ, ಮರಗೆಲಸ, ಯಂತ್ರಗೆಲಸ, ಛಾಯಾಚಿತ್ರ ಎಲ್ಲಕ್ಕೂ ಅಲ್ಲಿ ಸ್ಥಾನವಿತ್ತು. ದಾದಾಸಾಹೇಬ ಫಾಲ್ಕೆಯವರೂ ಅಲ್ಲಿ ಕಲಿತವರೇ. ಆ ಕಲಾಭವನವೇ ಇಂದು ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗ. ಎಂಜಿನಿನ ಒಳಗನ್ನು ಓದಬಲ್ಲ ಮೇಸ್ತ್ರಿಗಳ ಒಂದು ಪೀಳಿಗೆಯನ್ನು ವಡೋದರೆ ಹೀಗೆ ಸಿದ್ಧಪಡಿಸಿತು. ೧೯೪೩ರಲ್ಲಿ ಅಲ್ಲಿ ಹುಟ್ಟಿದ ಜ್ಯೋತಿ ಕಂಪನಿ ನೀರೆತ್ತುವ ಪಂಪುಗಳಿಗೆ ಹೆಸರಾದುದು ಈ ಭೂಮಿಕೆಯ ಮೇಲೆಯೇ.

ಸೂರತ್ತಿನ ವಿಷಯದಲ್ಲಿ ಕನ್ನಡಿಗರಿಗೆ ಒಂದು ವಿಶೇಷ ಅಭಿಮಾನಕ್ಕೆ ಕಾರಣವಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಸರಕಾರದ ಸೇವೆಯಲ್ಲಿದ್ದಾಗ, ಸಿಂಧ್ ಪ್ರಾಂತದ ಸಕ್ಕರ್ ನಗರಕ್ಕೆ ಸಿಂಧೂನದಿಯ ನೀರನ್ನು ಎತ್ತಿಸಿ ಕೊಟ್ಟ ತರುವಾಯ, ೧೮೯೬ರಲ್ಲಿ ಸೂರತ್ತಿಗೆ ಎಕ್ಸಿಕ್ಯೂಟಿವ್ ಎಂಜಿನಿಯರರಾಗಿ ಬಂದರು. ಅದೇ ೧೮೯೬ರಲ್ಲಿ ಅತ್ತ ಬೆಂಗಳೂರಿಗೆ ಹೆಸರಘಟ್ಟದ ನೀರನ್ನು ಸೋಲದೇವನಹಳ್ಳಿಯ ಉಗಿಯ ಪಂಪುಗಳು ಎತ್ತಿ ಕೊಡತೊಡಗಿದವು. ನಗರಗಳಿಗೆ ಶುದ್ಧವಾದ ನೀರು ಬಂದುದು ಸ್ಥಿರ ಎಂಜಿನುಗಳ ಬೆನ್ನ ಮೇಲೆ ಎಂಬುದನ್ನು ಮರೆಯಲಾಗದು. ಸೂರತ್ತು, ಭರೂಚಗಳ ಸುತ್ತ ಹತ್ತಿಯ ಜಿನ್ನುಗಳಿಗೂ ಎಂಜಿನೇ ಪ್ರಾಣ. ಜಿನ್ನು ದುಡಿಯುವುದು ಸುಗ್ಗಿಯ ಕೆಲವು ತಿಂಗಳು ಮಾತ್ರ. ಉಳಿದ ಕಾಲವೆಲ್ಲ ಎಂಜಿನಿಗೆ ರಜೆ. ಗಿರಣಿಯ ಎಂಜಿನು ಸವೆದು ಸಾಯುತ್ತದೆ, ಜಿನ್ನಿನ ಎಂಜಿನು ಮುದುಕನಾಗಿಯೂ ಗಟ್ಟಿಯಾಗಿರುತ್ತದೆ. ಶೋಧಕನು ಗಮನದಲ್ಲಿಡಬೇಕಾದ ಮಾತಿದು.

ಅಸಲು ಯಾವುದು, ನಕಲು ಯಾವುದು?

ಇಂಗ್ಲೆಂಡಿನ ಡರ್ಸ್‌ಲಿ ಎಂಬ ಸಣ್ಣ ಊರಿನ ಲಿಸ್ಟರ್ ಕಂಪನಿ ೧೯೩೦ರ ಸುಮಾರಿಗೆ ಒಂದು ಡೀಸೆಲ್ ಎಂಜಿನನ್ನು ಹೊರತಂದಿತು. ಒಂದೇ ಸಿಲಿಂಡರು, ನಿಮಿಷಕ್ಕೆ ೬೦೦ ಸುತ್ತು, ಬಲ ೫ ಅಶ್ವಶಕ್ತಿ. ಮುಂದೆ ಅದೇ ೬೫೦ ಸುತ್ತಿಗೆ ೬ ಅಶ್ವಶಕ್ತಿಯಾಯಿತು. ಎರಡು ಪಕ್ಕಗಳಲ್ಲಿ ಎರಡು ಭಾರದ ಚಕ್ರಗಳು. ಬುರುಡೆಯನ್ನು ಕಾಯಿಸುವ ತಾಪತ್ರಯವಿಲ್ಲದೆ, ತಣ್ಣಗಿರುವಾಗಲೇ ಹಿಡಿಕೆಯಿಂದ ತಿರುಗಿಸಿ ಹೊರಡಿಸಬಹುದಾದುದರಿಂದ ಅದಕ್ಕೆ ಸಿ.ಎಸ್. ಎಂಬ ಹೆಸರು. ಇಷ್ಟು ನಿಧಾನವಾದ ಎಂಜಿನಿಗೆ ಸವೆತ ಕಡಿಮೆ. ಕೆಟ್ಟರೆ ದುರಸ್ತಿ ಹಳ್ಳಿಯಲ್ಲಿಯೇ ಆಗುವುದು. ಚರ್ಮದ ಕೋಶವನ್ನು ಎತ್ತುಗಳಿಂದ ಎಳೆಯಿಸಿ ನೀರೆತ್ತುತ್ತಿದ್ದ ಸೌರಾಷ್ಟ್ರದ ರೈತನಿಗೆ ಇದು ವರವಾಯಿತು. ಬಾವಿಯ ಒಡೆಯನು ತನ್ನ ಹೊಲಕ್ಕೆ ಹಾಯಿಸಿಕೊಂಡು ಮಿಕ್ಕ ನೀರನ್ನು ಗಂಟೆಯ ಲೆಕ್ಕದಲ್ಲಿ ನೆರೆಯವನಿಗೆ ಮಾರುವ ಗುಜರಾತಿನ ಪದ್ಧತಿ ಬೆಳೆದುದು ಇಂತಹ ಎಂಜಿನುಗಳ ಬಲದಿಂದಲೇ.

ಬೇಡಿಕೆ ಬೆಳೆದಂತೆ ಅಹಮದಾಬಾದಿನಿಂದ ೨೦೦ ಕಿಲೋಮೀಟರಿಗೂ ಸ್ವಲ್ಪ ಆಚೆಗಿರುವ ರಾಜಕೋಟೆಯ ಎರಕದ ಮನೆಗಳು ಇದನ್ನು ತಾವೇ ಮಾಡತೊಡಗಿದವು. ಸಿಲಿಂಡರಿನ ಒಳವ್ಯಾಸ ನಾಲ್ಕೂವರೆ ಅಂಗುಲ, ಪಿಸ್ಟನ್ನಿನ ಓಟ ಐದೂವರೆ ಅಂಗುಲ: ಈ ಅಳತೆಯನ್ನೂ ಬದಲಿಸಲಿಲ್ಲ. ಡರ್ಸ್‌ಲಿಯಲ್ಲಿ ೧೯೮೭ರಲ್ಲಿ ತಯಾರಿಕೆ ನಿಂತುಹೋಯಿತು, ರಾಜಕೋಟೆಯಲ್ಲಿ ನಿಲ್ಲಲಿಲ್ಲ. ಹೊಗೆಯ ನಿಯಮಗಳು ೨೦೦೦ದ ದಶಕದಲ್ಲಿ ತಡೆಯುವ ತನಕ ಅಮೆರಿಕದ ಹವ್ಯಾಸಿಗಳೂ ರಾಜಕೋಟೆಯ ಎಂಜಿನುಗಳನ್ನು ತರಿಸಿ ಮನೆಯ ವಿದ್ಯುತ್ತಿಗೆ ಬಳಸಿದರು. ಸೌರಾಷ್ಟ್ರದ ರಸ್ತೆಗಳಲ್ಲಿ ಬುಲೆಟ್ ಮೋಟಾರುಸೈಕಲ್ಲಿನ ಮುಂಭಾಗಕ್ಕೆ ಬಾವಿಯ ಎಂಜಿನನ್ನೇ ಜೋಡಿಸಿ, ಹತ್ತಾರು ಜನರನ್ನು ಹೇರಿಕೊಂಡು ಗುಡುಗುತ್ತ ಓಡಿದ ಛಕಡೋ ಎಂಬ ಮೂರು ಗಾಲಿಯ ವಾಹನವೂ ಈ ಕೌಶಲದ ಸಂತಾನವೇ. ನಿಂತಲ್ಲಿ ನಿಲ್ಲುವ ಎಂಜಿನಿಗೆ ಕಾಲು ಬರಿಸಿದ ಕೀರ್ತಿ ಗುಜರಾತಿಯದು!

ನಕಲು ಎಂದು ಮೂಗು ಮುರಿಯುವವರೊಡನೆ ನಮಗೆ ಸಮ್ಮತಿಯಿಲ್ಲ. ಒಂದು ಎಂಜಿನನ್ನು ಕಂಡು ಅದರಂತೆಯೇ ಮಾಡಿ, ಓಡಿಸಿ, ಅಗ್ಗವಾಗಿ ರೈತನ ಮನೆಗೆ ಮುಟ್ಟಿಸುವುದು ಹುಡುಗಾಟವಲ್ಲ. ಆದರೆ ಶೋಧಕನ ತೊಂದರೆ ಇಲ್ಲಿ ಹುಟ್ಟುತ್ತದೆ. ಅಸಲೂ ನಕಲೂ ಒಂದೇ ರೂಪ. ಒಂದರ ಚಕ್ರ ಇನ್ನೊಂದಕ್ಕೆ ಹೊಂದುತ್ತದೆ. ತಗಡುಗಳೂ ಸ್ಥಳಾಂತರ ಹೊಂದುತ್ತವೆ. ಹಳೆಯದು ಕೆಟ್ಟರೆ ಹೊಸ ನಕಲು ಅಗ್ಗವಾಗಿ ದೊರೆಯುವುದರಿಂದ ಹಳೆಯದನ್ನು ಉಳಿಸಿಕೊಳ್ಳಬೇಕೆಂದು ಯಾರಿಗೂ ತೋರುವುದಿಲ್ಲ. ಎಂಜಿನು ಇನ್ನೂ ಜೀವಂತವಾಗಿರುವ ಊರಿನಲ್ಲಿಯೇ ಅದರ ಪೂರ್ವಜರು ಹೇಳಹೆಸರಿಲ್ಲದೆ ಹೋಗುತ್ತಿರುವರು.

ಬಲ್ಲವರು ಕೆಲವು ಕುರುಹುಗಳನ್ನು ನೋಡುತ್ತಾರೆ. ಕರಗಿದ ಬೀಡುಕಬ್ಬಿಣ ಅಚ್ಚಿನಲ್ಲಿ ಆರುವಾಗ ಅಡಿಗೆ ಸುಮಾರು ಒಂದು ಅಂಗುಲದ ಎಂಟನೆಯ ಒಂದು ಭಾಗ ಕುಗ್ಗುತ್ತದೆ. ಮೂಲ ಕಾರಖಾನೆಯವರು ಈ ಕುಗ್ಗುವಿಕೆಯನ್ನು ಲೆಕ್ಕ ಹಿಡಿದು ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿ ಮಾಡುವರು. ಹಾಗಲ್ಲದೆ ಹಳೆಯ ಎಂಜಿನಿನ ಭಾಗವನ್ನೇ ಮಾದರಿಯಾಗಿ ಮರಳಿನಲ್ಲಿ ಒತ್ತಿ ಎರಕ ಹೊಯ್ದರೆ, ಎರಡು ಅಡಿ ಎತ್ತರದ ಮೈ ಕಾಲು ಅಂಗುಲ ಕಿರಿದಾಗಿ ಹೊರಬರುವುದು. ಕಡೆದು ನುಣುಪು ಮಾಡಿದ ಭಾಗಗಳಲ್ಲಿ ಅಳತೆ ಸರಿಯಾಗಿಯೇ ಇರುತ್ತದೆ. ಕಡೆತ ಕಾಣದ ಒರಟು ಮೈಯಲ್ಲಿ ಗುಟ್ಟು ಬಯಲಾಗುತ್ತದೆ. ಬೋಲ್ಟುಗಳ ಮರೆ ಇನ್ನೊಂದು ಸಾಕ್ಷಿ. ಹಳೆಯ ಆಂಗ್ಲ ಎಂಜಿನುಗಳಲ್ಲಿ ಅಂಗುಲದ ಲೆಕ್ಕದ ವ್ಹಿಟ್‌ವರ್ತ್ ಮರೆಗಳಿರುವುವು. ಮಿಲಿಮೀಟರಿನ ಲೆಕ್ಕದವು ಸಿಕ್ಕಿದರೆ, ಬೋಲ್ಟು ಬದಲಾಗಿಲ್ಲವಾದರೆ, ಎಂಜಿನು ಈಚಿನದು. ಇನ್ನು ಸದ್ದು. ಲಿಸ್ಟರ್ ಮಾದರಿಯ ಎಂಜಿನು ನಿಮಿಷಕ್ಕೆ ೩೦೦ ಸಲ ಸಿಡಿಯುತ್ತ ಸಮವಾಗಿ ಓಡುತ್ತದೆ. ಅದಕ್ಕೂ ಹಿಂದಿನ ಕೆಲವು ಎಂಜಿನುಗಳು ವೇಗ ಹೆಚ್ಚಿದೊಡನೆ ಒಂದೆರಡು ಸಿಡಿತಗಳನ್ನು ತಾವಾಗಿಯೇ ಬಿಟ್ಟು, ಉಸಿರೆಳೆದು, ಮತ್ತೆ ಸಿಡಿಯುವುವು. ದೂರದಿಂದ ಅಂತಹ ತೊದಲು ಸದ್ದು ಕೇಳಿಬಂದರೆ ಶೋಧಕನ ಎದೆ ಹಾರುವುದು ಸಹಜ.

ಈ ವಂಶಾವಳಿಯಲ್ಲಿ ನಮ್ಮ ಕಡೆಯ ಹೆಸರೊಂದು ಮೇಲಿನ ಸಾಲಿನಲ್ಲಿಯೇ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿ, ೧೮೮೮ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರು ನೇಗಿಲಿನಿಂದ ಆರಂಭಿಸಿ ಒಂದು ಯಂತ್ರಸಾಮ್ರಾಜ್ಯವನ್ನೇ ಕಟ್ಟಿದರು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರಖಾನೆಯನ್ನು ಕನ್ನಡಿಗರು ಬಲ್ಲರು. ೧೯೪೬ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಬ್ರಿಟಿಷ್ ಕಂಪನಿಯೊಂದರ ತಾಂತ್ರಿಕ ಸಹಾಯದಿಂದ ಎಂಜಿನು ತಯಾರಿಕೆಗೆ ಇಳಿಯಿತು. ಅವರ ಎ.ವಿ.-೧ ಎಂಬ ಐದು ಅಶ್ವಶಕ್ತಿಯ ಎಂಜಿನು ಗುಜರಾತಿನ ಬಾವಿಗಳಲ್ಲಿಯೂ ಧಾರವಾಡದ ಕಡೆಯ ಬಾವಿಗಳಲ್ಲಿಯೂ ಒಂದೇ ರಾಗ ಹಾಡಿದುದುಂಟು. ಅದರ ಮೊದಮೊದಲಿನ ತಯಾರಿಕೆಗಳು ಇಂದು ಎಪ್ಪತ್ತು ವರ್ಷಗಳನ್ನು ಮೀರಿವೆ. ಎಲ್ಲೆಲ್ಲಿಯೂ ಇದ್ದುದರಿಂದ ಯಾರೂ ಇಡಲಿಲ್ಲ ಎಂಬ ಮಾತು ಅದಕ್ಕೂ ಅನ್ವಯಿಸುತ್ತದೆ.

ಕೊಳ್ಳದೆಯೂ ಸಂಗ್ರಹಿಸಬಹುದು

ಎಂಜಿನುಗಳನ್ನು ಕೊಂಡು ಮನೆಯಲ್ಲಿ ಇಡುವುದು ನಮ್ಮಂತಹ ಬಾಡಿಗೆಯ ಮನೆಯವರಿಗೆ ಸಾಧ್ಯವಿಲ್ಲ. ಎರಡನೆಯ ಅಂತಸ್ತಿನ ಮೇಲಂತೂ ಮನೆಯ ಯಜಮಾನನು ಒಪ್ಪಲಾರ. ಆದರೆ ಸಂಗ್ರಹಕ್ಕೆ ಇನ್ನೊಂದು ಅರ್ಥವುಂಟು. ಇಂಗ್ಲೆಂಡಿನ ಜಾರ್ಜ್ ವಾಟ್ಕಿನ್ಸ್ ಎಂಬುವರು ಸಿರಿವಂತರಲ್ಲ. ಕೆಲಸದ ಬಿಡುವಿನಲ್ಲಿ ಊರೂರು ತಿರುಗಿ, ಗಿರಣಿ, ಗಣಿ, ನೀರಿನ ಕಾರ್ಯಾಗಾರಗಳಲ್ಲಿ ಇನ್ನೂ ಓಡುತ್ತಿದ್ದ ಸುಮಾರು ೧೫೦೦ ಉಗಿಯಂತ್ರಗಳ ಛಾಯಾಚಿತ್ರಗಳನ್ನು ತೆಗೆದು, ಒಂದೊಂದರ ತಯಾರಕ, ವರ್ಷ, ಅಳತೆಗಳನ್ನು ಬರೆದಿಟ್ಟರು. ಆ ಎಂಜಿನುಗಳಲ್ಲಿ ಬಹುಪಾಲು ಇಂದು ಇಲ್ಲ. ಆ ದಾಖಲೆ ಮಾತ್ರ ಇದೆ. ಅಂತಹ ಮನುಷ್ಯನೊಬ್ಬನು ೧೯೫೦ರಲ್ಲಿ ಅಹಮದಾಬಾದಿನಲ್ಲಿ ತಿರುಗಿದ್ದರೆ ಎಂದು ಆಸೆಪಡುವುದಷ್ಟೇ ಈಗ ಉಳಿದಿದೆ. ಉಗಿಯಂತ್ರದ ಕಾಲ ಕೈಮೀರಿತು. ಎಣ್ಣೆಯ ಎಂಜಿನಿನ ಕಾಲ ಇನ್ನೂ ಪೂರ್ತಿ ಮೀರಿಲ್ಲ.

ತಗಡಿನ ಮೇಲಿನ ಸಂಖ್ಯೆಗೆ ಏಕೆ ಇಷ್ಟು ಮಹತ್ವವೆಂದರೆ, ಆಂಗ್ಲ ತಯಾರಕರು ಪ್ರತಿ ಎಂಜಿನನ್ನೂ ಸಂಖ್ಯೆಯ ಮೇಲೆ ತಮ್ಮ ಖಾತೆಯಲ್ಲಿ ಬರೆದುಕೊಳ್ಳುತ್ತಿದ್ದರು. ಅದು ಹೊರಟ ದಿನ ಯಾವುದು, ಯಾವ ಬಂದರಿಗೆ, ಯಾವ ಏಜೆಂಟನಿಗೆ ಎಂಬುದು ಅಲ್ಲಿ ಇರುವುದುಂಟು. ಆ ಖಾತೆಗಳಲ್ಲಿ ಹಲವು ಉಳಿದಿವೆ. ಅವುಗಳನ್ನು ಕಾಯ್ದುಕೊಂಡಿರುವ ಸಂಗ್ರಹಾಲಯಗಳೂ ಹವ್ಯಾಸಿಗಳೂ ಸಂಖ್ಯೆಯನ್ನು ಬರೆದು ಕಳುಹಿಸಿದವರಿಗೆ ಉತ್ತರ ಕೊಡುತ್ತಾರೆ. ಚೆಶೈರಿನ ಪಾಯಿಂಟನ್ ಎಂಬಲ್ಲಿರುವ ಆನ್ಸನ್ ಎಂಜಿನು ಸಂಗ್ರಹಾಲಯ ಕ್ರಾಸ್ಲಿ ಎಂಜಿನುಗಳಿಗೆ ಪ್ರಸಿದ್ಧವಾದುದು. ತಗಡಿನ ಪಕ್ಕದಲ್ಲಿ ಮುಂಬಯಿಯ ಏಜೆಂಟರ ಇನ್ನೊಂದು ಸಣ್ಣ ತಗಡು ಇದ್ದರೆ ಅದನ್ನೂ ಬಿಡಬಾರದು. ೧೮೫೯ರಿಂದ ನಡೆದುಬಂದ ಗ್ರೀವ್ಸ್ ಕಾಟನ್ನಿನಂತಹ ಮನೆಗಳು ಇಂಗ್ಲೆಂಡಿನ ಯಂತ್ರಗಳನ್ನು ಈ ಕಡೆಗೆ ತರಿಸಿ ಹಂಚುತ್ತಿದ್ದವು.

ಇನ್ನು ಕಾನೂನಿನ ಮಾತು. ೧೯೭೨ರ ಪ್ರಾಚೀನ ವಸ್ತುಗಳ ಕಾಯಿದೆ ನೂರು ವರ್ಷಕ್ಕೆ ಕಡಿಮೆಯಿಲ್ಲದ, ಗತಕಾಲದ ವಿಜ್ಞಾನ, ಕಲೆ, ಕುಶಲವೃತ್ತಿಗಳನ್ನು ತೋರಿಸುವ ವಸ್ತುಗಳನ್ನೂ ಪ್ರಾಚೀನ ವಸ್ತುಗಳಲ್ಲಿ ಎಣಿಸುತ್ತದೆ. ಅಂತಹುದನ್ನು ಅನುಮತಿಯಿಲ್ಲದೆ ಹೊರದೇಶಕ್ಕೆ ಕಳುಹಿಸುವಂತಿಲ್ಲ. ಮೂರ್ತಿಗಳನ್ನೂ ಹಸ್ತಪ್ರತಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕಾಯಿದೆಯಾದರೂ, ಹಾರ್ನ್ಸ್‌ಬಿಯ ಬಿಸಿ ಬುರುಡೆಯ ಎಂಜಿನೊಂದು ಆ ಶಬ್ದಗಳ ಹೊರಗೆ ನಿಲ್ಲುತ್ತದೆಂದು ನಮಗೆ ತೋರುವುದಿಲ್ಲ. ಕರಗಿಸುವುದನ್ನು ತಡೆಯುವ ಶಕ್ತಿ ಮಾತ್ರ ಅದಕ್ಕಿಲ್ಲ.

ಬೇಸಗೆಯ ರಜೆಗೆ ಊರಿಗೆ ಹೋಗುವವರಿಗೂ ಇಲ್ಲಿಯೇ ಉಳಿಯುವವರಿಗೂ ಈ ಕೆಲಸ ಕೈಗೆಟಕುವಂತಹುದು. ಮುಚ್ಚಿದ ಅಕ್ಕಿ ಗಿರಣಿಯ ಮೂಲೆ, ಜಿನ್ನಿನ ಹಿಂದಿನ ಕೊಟ್ಟಿಗೆ, ಅಜ್ಜನ ತೋಟದ ಪಂಪಿನ ಮನೆ, ಎಲ್ಲಿ ಹಳೆಯ ಎಂಜಿನು ಕಂಡರೂ ಒಡೆಯನ ಒಪ್ಪಿಗೆ ಪಡೆದು ನಾಲ್ಕು ಕಡೆಯಿಂದ ಚಿತ್ರ ತೆಗೆಯಬೇಕು. ಸಿಲಿಂಡರಿನ ವ್ಯಾಸವನ್ನೂ ಚಕ್ರದ ಅಗಲವನ್ನೂ ಅಳೆದು ಬರೆದುಕೊಳ್ಳಬೇಕು. ಎಂಜಿನು ಯಾವಾಗ ಬಂದಿತು, ಯಾರು ನೋಡಿಕೊಳ್ಳುತ್ತಿದ್ದರು, ಏನನ್ನು ಓಡಿಸುತ್ತಿತ್ತು ಎಂದು ಮುದುಕ ಮೇಸ್ತ್ರಿಯಿದ್ದರೆ ಅವನ ಬಾಯಿಂದಲೇ ಕೇಳಬೇಕು. ಖಾತೆಯಲ್ಲಿ ಇಲ್ಲದ ಸಂಗತಿ ಅವನಲ್ಲಿರುತ್ತದೆ. ತಗಡು ಇಲ್ಲದಿದ್ದರೆ ಚಕ್ರದ ಅಂಚು, ಶಾಫ್ಟಿನ ತುದಿ, ಸಿಲಿಂಡರಿನ ಮೈ, ಇವುಗಳ ಮೇಲಿನ ಜಿಡ್ಡನ್ನು ಬಟ್ಟೆಯಿಂದ ಒರೆಸಿ ನೋಡಿದರೆ ಕುಟ್ಟಿದ ಅಂಕಿಗಳು ಅನೇಕ ವೇಳೆ ಸಿಗುತ್ತವೆ. ತಗಡು ಇದ್ದರೆ ಹೊಳಪಿಸುವ ಉತ್ಸಾಹದಿಂದ ಹುಣಿಸೆಹಣ್ಣು, ಇಟ್ಟಿಗೆಯ ಪುಡಿಗಳಿಂದ ತಿಕ್ಕಬಾರದು. ಸವೆದ ಅಂಕಿ ಅದರಿಂದಲೇ ಅಳಿಸಿಹೋಗುವುದು. ತೆಳುವಾದ ಬಿಳಿಯ ಕಾಗದವನ್ನು ತಗಡಿನ ಮೇಲೆ ಒತ್ತಿ ಹಿಡಿದು ಸೀಸದ ಕಡ್ಡಿಯನ್ನು ಓರೆಯಾಗಿ ಮೆಲ್ಲಗೆ ಉಜ್ಜಿದರೆ, ಕಣ್ಣಿಗೆ ಕಾಣದ ಅಂಕಿಯೂ ಕಾಗದದ ಮೇಲೆ ಮೂಡಿಬರುತ್ತದೆ.